ದೇವಾನಾಂಪ್ರಿಯ ಅಶೋಕನೂ ಅವನ ನೆರೆಯ ಅರಸರೂ

ಸಿಂಧನೂರಿನಿಂದ ಲಿಂಗಸುಗೂರಿಗೆ ಹೋಗುವ ಹಾದಿಯಲ್ಲಿ ಮಸ್ಕಿಯೆಂಬ ಊರಿರುವುದು. ಅಲ್ಲಿಯ ದುರ್ಗದ ಗುಡ್ಡದ ಬಂಡೆಯೊಂದರ ಮೇಲೆ ಕೆಲವೇ ಸಾಲುಗಳ ಒಂದು ಶಾಸನವನ್ನು 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರಾದ ಬೀಡನ್ ಎಂಬವರು ಕಂಡುಹಿಡಿದರು. ಅದೇ ವರ್ಷ ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಹೈದರಾಬಾದಿನ ಪ್ರಾಚ್ಯವಸ್ತು ಗ್ರಂಥಮಾಲೆಯ ಮೊದಲನೆಯ ಸಂಪುಟವಾಗಿ ಪ್ರಕಟಿಸಿದರು. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿಯ ಅಕ್ಷರಗಳನ್ನು ಓದಿದ್ದನಾದರೂ, ಆತನು ಓದಿದ ಶಾಸನಗಳ ಅರಸನು ತನ್ನನ್ನು ದೇವಾನಾಂಪ್ರಿಯ ಪ್ರಿಯದರ್ಶಿ ಎಂದು ಮಾತ್ರ ಕರೆದುಕೊಂಡಿದ್ದನು. ಈ ಪ್ರಿಯದರ್ಶಿಯೇ ಅಶೋಕನೆಂದು ಸಿಂಹಳದ ಗ್ರಂಥಗಳ ಬಲದಿಂದ ಟರ್ನರ್ ಊಹಿಸಿದ್ದನಷ್ಟೆ. ಊಹೆಯನ್ನು ನಿಶ್ಚಯಕ್ಕೆ ತಂದದ್ದು ಮಸ್ಕಿಯ ಬಂಡೆ. ಅದರಲ್ಲಿ ಅಶೋಕನ ಹೆಸರೇ ಇದೆ. ಮುಂದೆ ಮಧ್ಯದೇಶದ ಗುಜರ್ರಾದಲ್ಲಿಯೂ, ನಮ್ಮ ಬಳ್ಳಾರಿಯ ಸೀಮೆಯ ನಿಟ್ಟೂರು ಉದೇಗೋಳಗಳಲ್ಲಿಯೂ ಆ ಹೆಸರು ದೊರೆಯಿತಾದರೂ, ಮೊದಲ ಮರ್ಯಾದೆ ಮಸ್ಕಿಗೇ ಸಲ್ಲತಕ್ಕದ್ದು.

ಈ ಚಕ್ರವರ್ತಿಯನ್ನು ಯುದ್ಧವನ್ನು ತೊರೆದ ಧರ್ಮಾತ್ಮನೆಂದು ಶಾಲೆಯ ಮಕ್ಕಳೂ ಬಲ್ಲರು. ಆದರೆ ಅರಸರ ನಡುವಿನ ಅರಸನಾಗಿ, ಪ್ರಬಲ ರಾಜ್ಯಗಳು ಏಷ್ಯಾಖಂಡವನ್ನು ಹಂಚಿಕೊಳ್ಳಲು ಕಾದಾಡುತ್ತಿದ್ದ ಕಾಲದಲ್ಲಿ, ಅವನು ಹೇಗೆ ವರ್ತಿಸಿದನೆಂಬುದನ್ನು ತೂಗಿ ನೋಡಿದವರು ವಿರಳ. ಆ ದೃಷ್ಟಿಯಿಂದ ಅವನ ಚರಿತ್ರೆಯನ್ನು ವಾಚಕರ ಮುಂದಿಡಬೇಕೆಂಬುದು ನಮ್ಮ ಉದ್ದೇಶ.

ಕಥೆಯು ಅವನ ಅಜ್ಜನಿಂದ ಮೊದಲಾಗುತ್ತದೆ. ಕ್ರಿ. ಪೂ. 323ರಲ್ಲಿ ಅಲೆಗ್ಸಾಂಡರನು ಬಾಬಿಲೋನಿನಲ್ಲಿ ಮಡಿಯಲು, ಅವನ ಸೇನಾಪತಿಗಳು ರಾಜ್ಯವನ್ನು ಹರಿದು ಹಂಚಿಕೊಂಡರು. ಏಷ್ಯದ ಬಹುಭಾಗವು ಸೆಲ್ಯೂಕಸನ ಪಾಲಾಯಿತು. ಆತನು ಕ್ರಿ. ಪೂ. 305ರ ಸುಮಾರಿಗೆ ಸಿಂಧೂನದಿಯ ಕಡೆಗೆ ದಂಡೆತ್ತಿ ಬಂದನು. ಚಂದ್ರಗುಪ್ತ ಮೌರ್ಯನೊಡನೆ ಆದ ಸಂಧಿಯಲ್ಲಿ ಕಾಬೂಲು ಕಂದಹಾರಗಳ ಸೀಮೆಯು ಮೌರ್ಯರಿಗೆ ಸೇರಿತು. ಚಂದ್ರಗುಪ್ತನು 500 ಆನೆಗಳನ್ನು ಕೊಟ್ಟನು. ಆ ಆನೆಗಳೇ ಕ್ರಿ. ಪೂ. 301ರಲ್ಲಿ ಇಪ್ಸಸಿನ ರಣರಂಗದಲ್ಲಿ ಸೆಲ್ಯೂಕಸನ ಪಕ್ಷಕ್ಕೆ ಜಯವನ್ನು ತಂದವು. ಸೋತು ಬೇಡಿದವರ ಸಂಧಿ ಇದಾಗಿರಲಿಲ್ಲ. ಸಮಬಲರಿಬ್ಬರು ತಂತಮ್ಮ ಕೊರತೆಯನ್ನು ತುಂಬಿಕೊಂಡದ್ದು. ಅಂದಿನಿಂದ ಮೆಗಸ್ತನೀಸನು ಪಾಟಲಿಪುತ್ರದಲ್ಲಿ ರಾಯಭಾರಿಯಾಗಿದ್ದನು. ಬಿಂದುಸಾರನ ಕಾಲದಲ್ಲಿ ಡೈಮಕಸನು ಬಂದನು. ಈ ಬಿಂದುಸಾರನು ಸಿರಿಯದ ಆಂಟಿಯೋಕಸನಿಗೆ ಸಿಹಿಮದ್ಯವನ್ನೂ ಒಣ ಅಂಜೂರವನ್ನೂ ಒಬ್ಬ ತರ್ಕಪಂಡಿತನನ್ನೂ ಕೊಂಡು ಕಳುಹಿಸಬೇಕೆಂದು ಬರೆದನಂತೆ. ಮೊದಲ ಎರಡನ್ನು ಕಳುಹಿಸಬಹುದೆಂದೂ, ಪಂಡಿತರನ್ನು ಮಾರುವುದು ಯವನರ ಕಾನೂನಿಗೆ ವಿರೋಧವೆಂದೂ ಆತನು ಉತ್ತರ ಕೊಟ್ಟನೆಂದು ಯವನ ಗ್ರಂಥಕಾರನೊಬ್ಬನು ಬರೆದಿದ್ದಾನೆ. ಎರಡು ದೊಡ್ಡ ರಾಜ್ಯಗಳು ಹೀಗೆ ವಿನೋದವಾಗಿ ಪತ್ರ ಬರೆದುಕೊಳ್ಳುವಷ್ಟು ಸ್ನೇಹದಲ್ಲಿದ್ದುವು ಎಂಬುದೇ ಇಲ್ಲಿ ಗಮನಿಸತಕ್ಕ ವಿಷಯ.

ಅಶೋಕನು ಯುವರಾಜನಾಗಿದ್ದಾಗ ಉಜ್ಜಯಿನಿಯಲ್ಲಿ ಅಧಿಕಾರ ನಡೆಸಿದನೆಂದೂ, ತಕ್ಷಶಿಲೆಯಲ್ಲಿ ಪ್ರಜೆಗಳು ದಂಗೆಯೆದ್ದಾಗ ಅದನ್ನು ಅಡಗಿಸಲು ಹೋದನೆಂದೂ ಬೌದ್ಧರ ಕಥೆಗಳು ಹೇಳುತ್ತವೆ. ತೊಂಬತ್ತೊಂಬತ್ತು ಮಂದಿ ಸೋದರರನ್ನು ಕೊಂದು ಸಿಂಹಾಸನವನ್ನೇರಿದನೆಂಬ ಮಾತನ್ನು ನಾವು ನಂಬಲಾರೆವು. ಅವನ ಶಾಸನವೊಂದರಲ್ಲಿ ಅಣ್ಣತಮ್ಮಂದಿರ ಮತ್ತು ಅಕ್ಕತಂಗಿಯರ ಅಂತಃಪುರಗಳ ಪ್ರಸ್ತಾಪವು ಬಂದಿರುವುದು. ಪಾಪಿಯು ಪುಣ್ಯಾತ್ಮನಾದನೆಂಬ ಬಣ್ಣ ಗಾಢವಾಗಲೆಂದು ಕಥೆಗಾರರು ಮೊದಲಿನ ಕಪ್ಪನ್ನು ಹೆಚ್ಚಾಗಿ ಬಳಿದಿರಬೇಕು. ಕ್ರಿ. ಪೂ. 268ರ ಸುಮಾರಿಗೆ ಅವನಿಗೆ ಪಟ್ಟಾಭಿಷೇಕವಾಯಿತು.

ಪಟ್ಟವಾದ ಎಂಟನೆಯ ವರ್ಷದಲ್ಲಿ ಕಳಿಂಗದ ಯುದ್ಧ. ಪೂರ್ವಸಮುದ್ರದ ಕರಾವಳಿಯನ್ನೂ ದಕ್ಷಿಣಕ್ಕೆ ಹೋಗುವ ದಾರಿಯನ್ನೂ ಹಿಡಿದಿದ್ದ ಆ ರಾಜ್ಯವು ಮೌರ್ಯರ ಮಗ್ಗುಲಲ್ಲಿ ಸ್ವತಂತ್ರವಾಗಿ ನಿಂತಿತ್ತು. ಒಂದು ಲಕ್ಷ ಜನರು ಹತರಾದರೆಂದೂ, ಒಂದೂವರೆ ಲಕ್ಷ ಜನರನ್ನು ಸೆರೆಹಿಡಿದು ಸಾಗಿಸಲಾಯಿತೆಂದೂ, ಅದರ ಹಲವು ಮಡಿ ಜನರು ಆಮೇಲೆ ಸತ್ತರೆಂದೂ ಗೆದ್ದ ಅರಸನೇ ಕಲ್ಲಿನ ಮೇಲೆ ಬರೆಯಿಸಿದನು. ಸೋತವರ ಸಂಕಟವನ್ನು ಗೆದ್ದವನು ಲೆಕ್ಕವಿಟ್ಟು ಸಾರಿದ ಇಂತಹ ನಿದರ್ಶನ ಪ್ರಾಚೀನ ಚರಿತ್ರೆಯಲ್ಲಿ ನಮಗೆ ಮತ್ತೊಂದು ತಿಳಿಯದು. ಅವನ ಪಶ್ಚಾತ್ತಾಪ ನಿಜವೆಂದೇ ನಮ್ಮ ನಂಬಿಕೆ. ಆದರೆ ಅವನು ಕಳಿಂಗವನ್ನು ಹಿಂದಕ್ಕೆ ಕೊಡಲಿಲ್ಲ. ಸೆರೆಯಾದವರನ್ನು ಊರಿಗೆ ಕಳುಹಿಸಿದನೆಂದು ಎಲ್ಲಿಯೂ ಹೇಳಿಲ್ಲ. ಪಶ್ಚಾತ್ತಾಪದ ಆ ಶಾಸನದಲ್ಲಿಯೇ ಅಡವಿಯ ಜನರಿಗೆ, ತನಗೆ ಮರುಕವಿದ್ದರೂ ದಂಡಿಸುವ ಶಕ್ತಿಯೂ ಇದೆಯೆಂಬ ಎಚ್ಚರಿಕೆಯನ್ನು ಕೊಟ್ಟಿದ್ದಾನೆ. ಮರಣದಂಡನೆಯನ್ನು ತೆಗೆದುಹಾಕಲಿಲ್ಲ, ಶಿಕ್ಷೆಗೊಳಗಾದವನಿಗೆ ಮೂರು ದಿನಗಳ ಅವಧಿಯನ್ನು ಕೊಟ್ಟನು. ಸೈನ್ಯವನ್ನು ವಿಸರ್ಜಿಸಿದನೆಂಬುದಕ್ಕೆ ಆಧಾರವೇ ಇಲ್ಲ.

ಇನ್ನೊಂದು ಸೂಕ್ಷ್ಮವಿದೆ. ಈ ಪಶ್ಚಾತ್ತಾಪದ ಶಾಸನವನ್ನು ಕಳಿಂಗದ ಧೌಲಿ ಜೌಗಡಗಳಲ್ಲಿ ಕೆತ್ತಿಸಲಿಲ್ಲ. ಅದಕ್ಕೆ ಬದಲಾಗಿ ಅಲ್ಲಿಯ ಮಹಾಮಾತ್ರರಿಗೆ ಬೇರೆ ಎರಡು ಆಜ್ಞೆಗಳನ್ನು ಬರೆಯಿಸಿದನು. ನ್ಯಾಯ ತೀರಿಸುವವರು ಅಸೂಯೆ, ಸಿಟ್ಟು, ಆತುರ, ಆಲಸ್ಯಗಳಿಗೆ ಎಡೆಗೊಡಬಾರದು, ಯಾರನ್ನೂ ನಿಷ್ಕಾರಣವಾಗಿ ಬಂಧಿಸಬಾರದು, ಪ್ರಜೆಗಳೆಲ್ಲರೂ ಅರಸನ ಮಕ್ಕಳೆಂದು ತಿಳಿಯಬೇಕು, ಐದು ವರ್ಷಕ್ಕೊಮ್ಮೆ ಸಂಚಾರಕ್ಕೆ ಬರುವ ಅಧಿಕಾರಿಯು ಇದನ್ನು ಪರೀಕ್ಷಿಸುವನು ಎಂಬುದು ಅವುಗಳ ತಾತ್ಪರ್ಯ. ಇವೇ ಆಜ್ಞೆಗಳಿರುವ ಕಲ್ಲೊಂದು 1989ರಲ್ಲಿ ಭೀಮಾತೀರದ ಸನ್ನತಿಯ ಚಂದ್ರಲಾಂಬಾ ದೇವಾಲಯದಲ್ಲಿ ದೊರೆಯಿತು. ಹೊಸದಾಗಿ ಗೆದ್ದ ನಾಡಿನಲ್ಲಿ ಪ್ರಜೆಗಳ ಮನಸ್ಸು ಸಾಮ್ರಾಟನ ಮಾತಿಗಿಂತ ಕಚೇರಿಯ ನೌಕರನ ನಡತೆಯಿಂದ ಒಲಿಯುತ್ತದೆ, ಇಲ್ಲವೆ ಮುರಿಯುತ್ತದೆ ಎಂಬುದನ್ನು ಅಶೋಕನು ಅರಿತಿದ್ದನು. ನಮ್ಮ ವಾಚಕರಲ್ಲಿ ಅಧಿಕಾರಿಗಳಾದವರು ಈ ಎರಡು ಆಜ್ಞೆಗಳನ್ನಾದರೂ ಸಾವಕಾಶವಾಗಿ ಓದಬೇಕು.

ಇನ್ನು ಪರರಾಷ್ಟ್ರಗಳ ವಿಷಯ. ಹದಿಮೂರನೆಯ ಶಿಲಾಶಾಸನದಲ್ಲಿ ಐವರು ಯವನರಾಜರ ಹೆಸರುಗಳಿವೆ. ಅಂತಿಯೋಕನೆಂದರೆ ಸಿರಿಯದ ಎರಡನೆಯ ಆಂಟಿಯೋಕಸ್. ತುರಮಾಯನೆಂದರೆ ಈಜಿಪ್ಟಿನ ಎರಡನೆಯ ಟಾಲೆಮಿ. ಅಂತಿಕಿನಿಯು ಮೆಸಿಡೋನಿಯದ ಆಂಟಿಗೋನಸ್. ಮಗನು ಆಫ್ರಿಕದ ಉತ್ತರತೀರದ ಸೈರೀನಿಯ ಮಗಸ್. ಅಲಿಕಸುದರನನ್ನು ಎಪಿರಸಿನ ಅಲೆಗ್ಸಾಂಡರನೆಂದು ಕೆಲವರೂ ಕೊರಿಂಥದವನೆಂದು ಕೆಲವರೂ ಹೇಳುವರು. ಈ ಐವರಲ್ಲಿ ಹಲವರು ಪರಸ್ಪರ ಹಗೆಗಳು ಎಂಬುದನ್ನು ನೆನಪಿನಲ್ಲಿಡಬೇಕು. ಕ್ರಿ. ಪೂ. 260ರಿಂದ 253ರವರೆಗೆ ಆಂಟಿಯೋಕಸನೂ ಟಾಲೆಮಿಯೂ ಸಿರಿಯಕ್ಕಾಗಿ ಕಾದಾಡಿದರು. ಅದಕ್ಕೆ ಮುಂಚೆ ಟಾಲೆಮಿಯು ಅಥೆನ್ಸನ್ನು ಆಂಟಿಗೋನಸನ ಮೇಲೆ ಎತ್ತಿಕಟ್ಟಿದ್ದನು. ಮಗಸನು ಟಾಲೆಮಿಗೆ ಮಲಸೋದರನಾಗಿಯೂ ಅವನ ಮೇಲೆ ದಂಡೆತ್ತಿದ್ದನು. ಭಾರತದ ಆನೆಗಳು ಬರುವ ಹಾದಿಯನ್ನು ಸಿರಿಯದವರು ಹಿಡಿದಿದ್ದುದರಿಂದ ಟಾಲೆಮಿಯು ಕೆಂಪುಸಮುದ್ರದ ತೀರದಲ್ಲಿ ಹೊಸ ಠಾಣ್ಯಗಳನ್ನು ಕಟ್ಟಿಸಿ ಆಫ್ರಿಕದ ಆನೆಗಳನ್ನು ಹಿಡಿಸಬೇಕಾಯಿತು. ಇಂದು ಎಣ್ಣೆಗಾಗಿ ನಡೆಯುವ ಮೇಲಾಟವು ಅಂದು ಆನೆಗಾಗಿ ನಡೆಯುತ್ತಿದ್ದಿತೆನ್ನಬಹುದು.

ಇಂತಹ ಸಮಯದಲ್ಲಿ ಭಾರತದ ಸಾಮ್ರಾಟನು ಒಂದು ಪಕ್ಷವನ್ನು ಹಿಡಿದು ಮತ್ತೊಂದರಿಂದ ಸೀಮೆಯನ್ನು ಕಿತ್ತುಕೊಳ್ಳುವುದು ಸುಲಭವಾಗಿತ್ತು. ನೆರೆಯವನು ಶತ್ರು, ನೆರೆಯವನ ಆಚೆಯವನು ಮಿತ್ರ ಎಂಬ ಕೌಟಿಲ್ಯನ ಮಂಡಲನೀತಿಯೂ ಅದನ್ನೇ ಬೋಧಿಸುವುದು. ಆ ನೀತಿಯ ಪ್ರಕಾರ ಆಂಟಿಯೋಕಸನು ಅಶೋಕನಿಗೆ ಶತ್ರು, ಟಾಲೆಮಿಯು ಮಿತ್ರ. ಅಶೋಕನು ಐವರಿಗೂ ದೂತರನ್ನು ಕಳುಹಿಸಿದನು. ಗಡಿಯ ನೆರೆಯವನಾದ ಆಂಟಿಯೋಕಸನ ರಾಜ್ಯದಲ್ಲಿಯೂ ಅವನ ಸಾಮಂತರಲ್ಲಿಯೂ ಮನುಷ್ಯರಿಗೂ ಪಶುಗಳಿಗೂ ಚಿಕಿತ್ಸೆಯನ್ನು ಏರ್ಪಡಿಸಿದನೆಂದೂ, ಮೂಲಿಕೆಗಳಿಲ್ಲದ ಕಡೆ ಅವನ್ನು ತರಿಸಿ ನೆಡಿಸಿದನೆಂದೂ ಎರಡನೆಯ ಶಾಸನವು ತಿಳಿಸುತ್ತದೆ. ಯವನ ಗ್ರಂಥಕಾರರಲ್ಲಿ ಈ ದೂತರ ಸುದ್ದಿಯಿಲ್ಲವೆಂದು ಇದನ್ನು ಬರಿಯ ಹೊಗಳಿಕೆಯೆಂದು ತಳ್ಳಿಹಾಕುವವರುಂಟು. ಆದರೆ ಐದು ದೂರದೇಶಗಳ ಅರಸರ ಹೆಸರುಗಳನ್ನು, ಎಲ್ಲರೂ ಒಂದೇ ಕಾಲದಲ್ಲಿ ಜೀವಿಸಿದ್ದಾಗ, ತಪ್ಪಿಲ್ಲದೆ ಕೆತ್ತಿಸಬೇಕಾದರೆ ಪಾಟಲಿಪುತ್ರಕ್ಕೆ ಸರಿಯಾದ ಸುದ್ದಿ ಬರುತ್ತಿರಲೇಬೇಕು.

ಗಡಿಯ ಪ್ರಜೆಗಳನ್ನು ಆಳಿದ ರೀತಿಯೂ ವಿಚಾರಾರ್ಹವಾದುದು. ಕಂದಹಾರದಲ್ಲಿ 1958ರಲ್ಲಿ ದೊರೆತ ಅವನ ಶಾಸನವು ಗ್ರೀಕ್ ಮತ್ತು ಅರಾಮಿಕ್ ಭಾಷೆಗಳಲ್ಲಿದೆ. ಅಲ್ಲಿ ಧರ್ಮವೆಂಬ ಮಾತಿಗೆ ಯವನರು ಅರಿಯುವ ಮಾತನ್ನೇ ಬಳಸಿದ್ದಾನೆ. ಪಾಟಲಿಪುತ್ರದ ಮಾತನ್ನು ಅವರ ಮೇಲೆ ಹೇರಲಿಲ್ಲ. ಸೌರಾಷ್ಟ್ರದಲ್ಲಿ ಸುದರ್ಶನ ಸರೋವರಕ್ಕೆ ಕಾಲುವೆಗಳನ್ನು ಕಟ್ಟಿಸಿದ ಅವನ ಅಧಿಕಾರಿ ತುಷಾಸ್ಫನು ಯವನರಾಜನೆಂದು ರುದ್ರದಾಮನ ಗಿರಿನಾರದ ಶಾಸನವು ಹೇಳುತ್ತದೆ. ನಮ್ಮ ಚಿತ್ರದುರ್ಗದ ಸೀಮೆಯ ಬ್ರಹ್ಮಗಿರಿಯಲ್ಲಿ ಶಾಸನವನ್ನು ಬರೆದ ಚಪಡನೆಂಬವನು ತನ್ನ ವೃತ್ತಿಯ ಹೆಸರನ್ನು ಮಾತ್ರ ಗಾಂಧಾರದ ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ, ಬರೆದು ಹೋಗಿದ್ದಾನೆ. ಸಾವಿರಾರು ಮೈಲು ದೂರದ ಲಿಪಿಕಾರನೊಬ್ಬನು ಮೊಳಕಾಲ್ಮೂರಿನ ಬಂಡೆಗಳ ನಡುವೆ ಕುಳಿತು ತನ್ನ ಸೀಮೆಯ ಅಕ್ಷರವನ್ನು ನೆನೆದುದನ್ನು ಊಹಿಸಿದರೆ, ಸಾಮ್ರಾಜ್ಯವೆಂದರೇನೆಂಬುದು ಯಾವ ಭೂಪಟಕ್ಕಿಂತಲೂ ಚೆನ್ನಾಗಿ ತಿಳಿಯುವುದು.

ಕನ್ನಡನಾಡು ಅವನ ದಕ್ಷಿಣದ ಗಡಿ. ಇದನ್ನು ಅವನು ಗೆದ್ದನೆಂದು ಹೇಳಲಾಗದು. ಕಳಿಂಗವೊಂದೇ ಅವನು ಹೇಳಿಕೊಂಡ ದಿಗ್ವಿಜಯವಾದುದರಿಂದ, ಈ ನಾಡು ಅವನಿಗೆ ಅಜ್ಜನಿಂದಲೋ ತಂದೆಯಿಂದಲೋ ಬಂದಿರಬೇಕು. ಇಲ್ಲಿ ಅವನಿಗೆ ಬೇಕಾಗಿದ್ದುದೇನೆಂದು ಹುಡುಕಲು ದೂರ ಹೋಗಬೇಕಾಗಿಲ್ಲ. ಹಟ್ಟಿಯಲ್ಲಿಯೂ ಮಸ್ಕಿಯ ಸುತ್ತಲೂ ಪುರಾತನರು ಬೆಂಕಿಯಿಂದ ಬಂಡೆಯನ್ನು ಕಾಯಿಸಿ ಸೀಳಿ ಚಿನ್ನ ತೆಗೆದ ಆಳವಾದ ಗುಂಡಿಗಳಿವೆ. ದಕ್ಷಿಣಪ್ರಾಂತದ ರಾಜಧಾನಿಯ ಹೆಸರೇ ಸುವರ್ಣಗಿರಿ. ಅಲ್ಲಿ ಆರ್ಯಪುತ್ರನೆಂಬ ರಾಜಕುಮಾರನಿದ್ದು ಇಸಿಲದ ಮಹಾಮಾತ್ರರಿಗೆ ಆಜ್ಞೆಗಳನ್ನು ಕಳುಹಿಸುತ್ತಿದ್ದನು. ಸುವರ್ಣಗಿರಿಯು ಮಸ್ಕಿಯೆಂದು ಕೆಲವರು, ಕನಕಗಿರಿಯೆಂದು ಕೆಲವರು, ಎರ್ರಗುಡಿಯ ಹತ್ತಿರದ ಜೊನ್ನಗಿರಿಯೆಂದು ಕೆಲವರು ವಾದಿಸುವರು. ಇಷ್ಟು ಸಮೀಪದಲ್ಲಿ ಸೈನ್ಯವೂ ಭಂಡಾರವೂ ಇದ್ದಾಗ, ಚೋಳ, ಪಾಂಡ್ಯ, ಸತಿಯಪುತ್ರ, ಕೇರಳಪುತ್ರರು ಗಡಿಯಾಚೆಗೆ ಸ್ವತಂತ್ರರಾಗಿಯೇ ಉಳಿದರು. ಮೂವತ್ತು ವರ್ಷಕ್ಕೂ ಮೀರಿದ ಅವನ ಆಳಿಕೆಯಲ್ಲಿ ಕಳಿಂಗದ ಅನಂತರ ಅವರ ಮೇಲೆ ಒಂದು ದಂಡಯಾತ್ರೆಯೂ ಹೊರಡಲಿಲ್ಲ. ವೈದ್ಯರೂ ಮೂಲಿಕೆಗಳೂ ಅಲ್ಲಿಗೂ ಹೋದುವು. ಅಶೋಕನ ಮಾತು ಬರಿಯ ಮಾತಲ್ಲವೆನ್ನುವುದಕ್ಕೆ ನಮಗೆ ಕಾಣುವ ದೃಢವಾದ ಸಾಕ್ಷ್ಯವಿದು. ಯವನರು ದೂರದವರು, ಇವರಾದರೋ ಕೈಗೆ ಎಟುಕುವಷ್ಟು ಹತ್ತಿರದಲ್ಲಿದ್ದವರು.

ಮಸ್ಕಿಯ ಬಂಡೆಯ ಮಾತು ಮಾತ್ರ ರಾಜಕಾರಣದ್ದಲ್ಲ. ತಾನು ಬುದ್ಧನ ಉಪಾಸಕನಾಗಿ ಎರಡೂವರೆ ವರ್ಷಗಳು ಮೀರಿದುವೆಂದೂ, ಸಂಘವನ್ನು ಸೇರಿದ ಮೇಲೆ ಹೆಚ್ಚು ಶ್ರಮಿಸಿದೆನೆಂದೂ, ಧರ್ಮದ ಫಲವು ದೊಡ್ಡವರಿಗೆ ಮಾತ್ರ ಮೀಸಲೆಂದು ತಿಳಿಯದೆ ಸಣ್ಣವರೂ ಅದನ್ನು ಪಡೆಯಬಹುದೆಂದು ಇಬ್ಬರಿಗೂ ಹೇಳಬೇಕೆಂದೂ ಅದರಲ್ಲಿದೆ. ಆಗಿನ ಬೌದ್ಧ ಪ್ರಚಾರಕರು ಮಹಿಷಮಂಡಲಕ್ಕೂ ವನವಾಸಿಗೂ, ಎಂದರೆ ನಮ್ಮ ಬನವಾಸಿಗೂ, ಬಂದರೆಂದು ಸಿಂಹಳದ ಇತಿಹಾಸವು ಹೇಳುವುದು. ಸಿಂಹಳಕ್ಕೆ ಮಹೇಂದ್ರನೂ ಸಂಘಮಿತ್ರೆಯೂ ಹೋದರು. ಅಲ್ಲಿಯ ಅರಸನಾದ ತಿಸ್ಸನು ತಾನೂ ದೇವಾನಾಂಪ್ರಿಯನೆಂಬ ಬಿರುದನ್ನು ಧರಿಸಿದನು. ದಂಡು ಕಳುಹಿಸಿದ್ದರೆ ಒಂದು ತಲೆಮಾರಿನ ಕಪ್ಪ ಬರುತ್ತಿತ್ತೋ ಏನೋ. ಎರಡು ಸಾವಿರದ ಇನ್ನೂರು ವರ್ಷಗಳಾದರೂ ಆ ದ್ವೀಪದವರು ಅವನ ಮಕ್ಕಳ ಹೆಸರನ್ನು ಮರೆತಿಲ್ಲ.

ಅವನ ಕೊನೆಯ ದಿನಗಳು ಸುಖವಾಗಿ ಕಳೆದಂತೆ ತೋರುವುದಿಲ್ಲ. ಸಂಘಕ್ಕೆ ಮಿತಿಯಿಲ್ಲದೆ ದಾನಮಾಡುತ್ತಿದ್ದ ಮುದುಕನ ಕೈಯನ್ನು ಮಂತ್ರಿಗಳು ಕಟ್ಟಿದರೆಂದೂ, ಕಡೆಗೆ ಅವನ ವಶದಲ್ಲಿ ಅರ್ಧ ನೆಲ್ಲಿಕಾಯಿ ಮಾತ್ರ ಉಳಿಯಲು ಅದನ್ನೂ ವಿಹಾರಕ್ಕೆ ಕಳುಹಿಸಿದನೆಂದೂ ಬೌದ್ಧ ಕಥೆಯಿದೆ. ಕಥೆಯೇ ಇರಬಹುದು, ಆದರೆ ಭಂಡಾರಕ್ಕೂ ದಾನಕ್ಕೂ ತಾಕಲಾಟವಾಗಿದ್ದಿತೆಂಬ ನೆನಪು ಅದರಲ್ಲಿ ಉಳಿದಿದೆ. ಕ್ರಿ. ಪೂ. 232ರ ಸುಮಾರಿಗೆ ಅವನು ತೀರಿಕೊಂಡನು.

ಅವನ ಧರ್ಮನೀತಿಯೇ ಸಾಮ್ರಾಜ್ಯವನ್ನು ನಿರ್ವೀರ್ಯಗೊಳಿಸಿತೆಂಬ ಆಕ್ಷೇಪಣೆಯು ಬಹುಕಾಲದಿಂದ ಕೇಳಿಬರುತ್ತಿದೆ. ನಾವು ಇದನ್ನು ಒಪ್ಪುವುದಿಲ್ಲ. ಯುದ್ಧವನ್ನೇ ನೆಚ್ಚಿದ್ದ ಸೆಲ್ಯೂಕಸನ ವಂಶದವರ ಕೈಯಿಂದ ಬಾಹ್ಲೀಕವೂ ಪಾರ್ಥಿಯವೂ ಕ್ರಿ. ಪೂ. 250ರ ಆಚೀಚೆಗೆ, ಅಶೋಕನು ಬದುಕಿರುವಾಗಲೇ, ಜಾರಿಹೋದುವು. ಚೀನದಲ್ಲಿ ಕ್ರಿ. ಪೂ. 221ರಲ್ಲಿ ಆರು ರಾಜ್ಯಗಳನ್ನು ಕತ್ತಿಯಿಂದ ಒಂದುಗೂಡಿಸಿದ ಛಿನ್ ಚಕ್ರವರ್ತಿಯ ವಂಶವು 15 ವರ್ಷಗಳಲ್ಲಿ ಅಳಿಯಿತು. ಮೌರ್ಯರು ಅಶೋಕನ ಅನಂತರವೂ ಸುಮಾರು 47 ವರ್ಷ ಆಳಿದರು. ದೂರದ ಪ್ರಾಂತಗಳನ್ನು ರಾಜಕುಮಾರರ ಕೈಗೆ ಕೊಟ್ಟು, ಮೇಲಿನವನು ದುರ್ಬಲನಾದೊಡನೆ ಅವು ಬೇರೆಯಾಗುವಂತಹ ಏರ್ಪಾಡು ಅಜ್ಜನ ಕಾಲದಿಂದಲೇ ಇತ್ತು. ದೋಷವನ್ನು ಅಲ್ಲಿ ಹುಡುಕಬೇಕು.

ಕ್ರಿ. ಪೂ. 206ರಲ್ಲಿ ಮೂರನೆಯ ಆಂಟಿಯೋಕಸನು ಹಿಂದೂಕುಶವನ್ನು ದಾಟಿ ಬಂದು, ಸುಭಾಗಸೇನನೆಂಬ ಭಾರತದ ಅರಸನೊಡನೆ ಹಳೆಯ ಸ್ನೇಹವನ್ನು ನವೀಕರಿಸಿ, ಅವನಿಂದ ಆನೆಗಳನ್ನು ಪಡೆದು ತನ್ನಲ್ಲಿದ್ದ ಆನೆಗಳ ಸಂಖ್ಯೆಯನ್ನು 150ಕ್ಕೆ ಏರಿಸಿಕೊಂಡನು. ಅಜ್ಜನ ಕಾಲದಲ್ಲಿ ಆನೆಗಳಿಗೆ ಪ್ರತಿಯಾಗಿ ಸೀಮೆಗಳು ಬಂದಿದ್ದುವು. ಈ ಸಲ ಆನೆಗಳು ಹೋದುವು, ಸೀಮೆ ಬರಲಿಲ್ಲ. ಆದರೆ ಆನೆಗಳನ್ನು ಕೊಂಡೊಯ್ದವನೂ ಕ್ರಿ. ಪೂ. 190ರಲ್ಲಿ ಮ್ಯಾಗ್ನೀಶಿಯದಲ್ಲಿ ರೋಮಿನವರಿಗೆ ಸೋತು, ಎರಡು ವರ್ಷಗಳ ಮೇಲೆ ಆದ ಸಂಧಿಯ ಪ್ರಕಾರ ಇದ್ದ ಆನೆಗಳನ್ನೆಲ್ಲ ಒಪ್ಪಿಸಬೇಕಾಯಿತು. ಇತ್ತ ಪಾಟಲಿಪುತ್ರದ ಕೊನೆಯ ಮೌರ್ಯನಾದ ಬೃಹದ್ರಥನನ್ನು ಕ್ರಿ. ಪೂ. 185ರ ಸುಮಾರಿಗೆ ಅವನ ಸೇನಾಪತಿಯಾದ ಪುಷ್ಯಮಿತ್ರನು, ಸಮಸ್ತ ಸೈನ್ಯವನ್ನು ತೋರಿಸುವ ನೆವದಿಂದ ಕರೆದೊಯ್ದು, ಆ ಸೈನ್ಯದ ಎದುರಿನಲ್ಲಿಯೇ ಕೊಂದನು.