ಗೋಡೆ ಮೇಲಿನ ದೇವರು ಮತ್ತು ಗುಲಬರ್ಗಾದ ಪಂಡಿತರು

ಬೈಲಹೊಂಗಲದ ಅಡತಿ ಅಂಗಡಿ ಇರಲಿ, ಕಿತ್ತೂರಿನ ಚಹಾದಂಗಡಿ ಇರಲಿ, ಗೋಡೆಗೆ ಒಂದು ಕ್ಯಾಲೆಂಡರ್ ಇದ್ದೇ ಇರುತ್ತದೆ. ಸವದತ್ತಿಯ ಯಲ್ಲಮ್ಮನ ಗುಡ್ಡದಲ್ಲಿ ಹುಣ್ಣಿಮೆ ಜಾತ್ರೆ ಆದಾಗ, ರಾಮದುರ್ಗ ತಾಲೂಕಿನ ಗೊಡಚಿಯಲ್ಲಿ ವೀರಭದ್ರನ ಜಾತ್ರೆ ಆದಾಗ ಕುಂಕುಮ, ಭಂಡಾರದ ಅಂಗಡಿಗಳ ಪಕ್ಕದಲ್ಲೇ ದೇವರ ಫೋಟೋ ಅಂಗಡಿಗಳೂ ಕೂತಿರುತ್ತವೆ. ನಾವು ಅವನ್ನು ಸಲೀಸಾಗಿ ಫೋಟೋ ಅಂತೀವಿ. ಆದರೆ ದೇವರ ಮುಂದೆ ಕ್ಯಾಮೆರಾ ಹಿಡಿದು ನಿಂತವರು ಯಾರೂ ಇಲ್ಲವಲ್ಲ! ಕೃಷ್ಣನ ಮುಖ ಹೀಗೇ ಇರಬೇಕು, ಬೆಳಕು ಈ ಕಡೆಯಿಂದಲೇ ಬೀಳಬೇಕು ಅಂತ ಯಾರೋ ಒಬ್ಬರು ಕೂತು ಯೋಚಿಸಿ ಬರೆದಿರಬೇಕು.

ಹಾಗೆ ಬರೆದವರಲ್ಲಿ ದೊಡ್ಡ ಹೆಸರು ನಮ್ಮ ಉತ್ತರ ಕರ್ನಾಟಕದವರದ್ದೇ. ಎಸ್.ಎಂ. ಪಂಡಿತ್, ಅಂದರೆ ಸಾಂಬಾನಂದ ಮೋನಪ್ಪ ಪಂಡಿತ್. ಕಲಬುರಗಿಗೆ ಹೋದವರಿಗೆ ಅಲ್ಲಿನ ಡಾ. ಎಸ್.ಎಂ. ಪಂಡಿತ್ ರಂಗಮಂದಿರ ಗೊತ್ತಿರುತ್ತದೆ. ಕಾರ್ಯಕ್ರಮ ಎಲ್ಲಿ ಅಂದರೆ ಪಂಡಿತ್ ರಂಗಮಂದಿರದಲ್ಲಿ ಅಂತ ಹೇಳಿ ಎಲ್ಲರೂ ಮುಂದೆ ಹೋಗುತ್ತಾರೆ. ಆ ಪಂಡಿತರು ಯಾರು ಅಂತ ಕೇಳುವವರು ಕಡಿಮೆ. ಈ ಸಲ ನಾವು ಅದನ್ನೇ ಕೇಳೋಣ.

ಪಂಡಿತರು ಹುಟ್ಟಿದ್ದು 1916ರಲ್ಲಿ, ಗುಲಬರ್ಗಾದಲ್ಲಿ. ಆಗ ಅದು ನಿಜಾಮರ ಹೈದರಾಬಾದ್ ಸಂಸ್ಥಾನ. ನಮ್ಮ ಬೆಳಗಾವಿ ಕಡೆ ಮುಂಬೈ ಪ್ರಾಂತ್ಯ. ಕನ್ನಡ ಮಾತಾಡುವವರು ಬೇರೆ ಬೇರೆ ಸರ್ಕಾರಗಳ ಕೈಕೆಳಗೆ ಹಂಚಿಹೋಗಿದ್ದ ಕಾಲ. ಗುಲಬರ್ಗಾಕ್ಕೆ ಒಂದು ಅನುಕೂಲ ಇತ್ತು. ಮುಂಬೈ ಮತ್ತು ಮದ್ರಾಸ್ ನಡುವಿನ ರೈಲು ಅದೇ ಊರಿನ ಮೇಲೆ ಹೋಗುತ್ತಿತ್ತು. ಪಂಡಿತರ ಕಲಿಕೆಯೂ ಅದೇ ಹಳಿ ಹಿಡಿದು ನಡೆಯಿತು ಅನ್ನಬಹುದು. ಊರಲ್ಲಿ ಶಂಕರರಾವ್ ಆಳಂದಕರ್ ಎಂಬ ಕಲಾ ಶಿಕ್ಷಕರ ಹತ್ತಿರ ಮೊದಲ ಪಾಠ, ಆಮೇಲೆ ಮದ್ರಾಸಿನ ಕಲಾ ಶಾಲೆಯ ಡಿಪ್ಲೊಮಾ, ಆಮೇಲೆ ಮುಂಬೈ. ಅಲ್ಲಿ ದಂಡಾವತಿಮಠ ಅವರ ನೂತನ ಕಲಾ ಮಂದಿರದಲ್ಲೂ ಜೆ.ಜೆ. ಸ್ಕೂಲ್ ಆಫ್ ಆರ್ಟ್‌ನಲ್ಲೂ ಕಲಿತರು. ಮನುಷ್ಯನ ದೇಹವನ್ನು ಎಲುಬು, ಸ್ನಾಯು ಸಮೇತ ಅಳತೆ ತಪ್ಪದಂತೆ ಬರೆಯುವ ಪಾಶ್ಚಾತ್ಯ ಪದ್ಧತಿ ಅವರ ಕೈಗೆ ಹತ್ತಿದ್ದು ಹೀಗೆ.

ಡಿಗ್ರಿ ಮುಗಿದ ಮೇಲೆ ಕೆಲಸ ಹುಡುಕುವ ಚಿಂತೆ ನಮಗೊಬ್ಬರಿಗೇ ಅಲ್ಲ, ಆಗಿನ ಕಲಾವಿದರಿಗೂ ಇತ್ತು. ಪಂಡಿತರಿಗೆ ದಾರಿ ಸಿಕ್ಕಿದ್ದು ಸಿನಿಮಾದಲ್ಲಿ. 1938ರಲ್ಲಿ ಮುಂಬೈಯಲ್ಲಿ ಮೆಟ್ರೊ ಚಿತ್ರಮಂದಿರ ಶುರುವಾಯಿತು. ಅಲ್ಲಿ ಹಾಲಿವುಡ್‌ನ ಎಂಜಿಎಂ ಕಂಪನಿಯ ಚಿತ್ರಗಳು ಓಡುತ್ತಿದ್ದವು. ಚಿತ್ರಮಂದಿರದ ಒಳಗೆ ಬರುವವರ ಕಣ್ಣು ಸೆಳೆಯಲು ಶೋಕಾರ್ಡ್ ಅಂತ ಇಡುತ್ತಿದ್ದರು. ಕೈಯಿಂದ ಬಣ್ಣ ಹಚ್ಚಿದ ರಟ್ಟಿನ ಫಲಕ ಅದು. ಪಂಡಿತರು ಅವನ್ನು ಬರೆಯತೊಡಗಿದರು. ಕೆಲಸ ಎಷ್ಟೇ ಚಂದ ಇರಲಿ, ಸಿನಿಮಾ ಇಳಿದ ಕೂಡಲೇ ಶೋಕಾರ್ಡೂ ಇಳಿಯುತ್ತಿತ್ತು. ಮುಂದೆ ಬಾಬುರಾವ್ ಪಟೇಲರ ಫಿಲ್ಮ್‌ಇಂಡಿಯಾ ಪತ್ರಿಕೆಗೆ ಮುಖಪುಟಗಳನ್ನು ಬರೆದರು. 1949ರ ಬರ್ಸಾತ್ ಸಿನಿಮಾದ ಪೋಸ್ಟರ್ ಕೂಡ ಅವರದ್ದೇ. ಅವರದ್ದೇ ಆದ ಸ್ಟುಡಿಯೊ ಬೆಳೆಯಿತು. ಆಮೇಲೆ ಕ್ಯಾಲೆಂಡರ್ ಲೋಕದಲ್ಲಿ ತಾನೇ ದೊಡ್ಡ ಹೆಸರಾದ ರಘುವೀರ ಮುಳಗಾಂವಕರ್ ಆರಂಭದಲ್ಲಿ ಪಂಡಿತರ ಜೊತೆ ಪಳಗಿದವರು.

ಸಿನಿಮಾದಲ್ಲಿ ಕಲಿತದ್ದನ್ನು ಪಂಡಿತರು ಪುರಾಣಕ್ಕೆ ತಂದರು. ಅವರ ಚಿತ್ರಗಳ ಗುಟ್ಟು ಇರುವುದು ಇಲ್ಲೇ. ಅವರಿಗಿಂತ ಮೊದಲು ರಾಜಾ ರವಿವರ್ಮ 1894ರಲ್ಲಿ ಮುಂಬೈಯಲ್ಲಿ ಪ್ರೆಸ್ ಹಾಕಿ ಲಕ್ಷ್ಮಿ, ಸರಸ್ವತಿಯರನ್ನು ಅಚ್ಚು ಮಾಡಿಸಿ ಮನೆಮನೆಗೆ ಕಳಿಸಿದ್ದರು. ರವಿವರ್ಮರ ದೇವತೆಗಳು ಶಾಂತವಾಗಿ ನಿಂತಿರುತ್ತಾರೆ. ಪಂಡಿತರ ಪಾತ್ರಗಳು ಈಗಷ್ಟೇ ಏನೋ ನಡೆದುಹೋದ ಹಾಗೆ ಇರುತ್ತವೆ. ಬೆನ್ನ ಹಿಂದಿನಿಂದ ಬೆಳಕು ಬಂದು ಕೂದಲ ಅಂಚು ಹೊಳೆಯುತ್ತದೆ. ವೀರರಿಗೆ ಪೈಲ್ವಾನರ ಮೈಕಟ್ಟು, ಮೇನಕೆ, ದಮಯಂತಿಯರಿಗೆ ನಾಯಕಿಯರ ಮುಖದ ಹೊಳಪು. ಹಾಲಿವುಡ್ ಸ್ಟುಡಿಯೊದ ದೀಪ ನಮ್ಮ ಮಹಾಭಾರತದ ಮೇಲೆ ಬಿದ್ದಿತ್ತು.

ಇದು ನಮಗೆ ದೂರದ ಮಾತಲ್ಲ. ಕಿತ್ತೂರು ಚೆನ್ನಮ್ಮ ಬ್ರಿಟಿಷರ ಮೇಲೆ ಯುದ್ಧ ಮಾಡಿದ್ದು 1824ರಲ್ಲಿ, ಬೈಲಹೊಂಗಲದಲ್ಲಿ ಸೆರೆಯಲ್ಲೇ ತೀರಿಕೊಂಡಿದ್ದು 1829ರಲ್ಲಿ. ಫೋಟೋಗ್ರಫಿ ಜಗತ್ತಿಗೆ ಗೊತ್ತಾಗಿದ್ದೇ 1839ರಲ್ಲಿ. ಅಂದ ಮೇಲೆ ರಾಣಿಯ ಫೋಟೋ ಇರಲು ಸಾಧ್ಯವೇ ಇಲ್ಲ. ಆದರೂ ಚೆನ್ನಮ್ಮ ಅಂದ ಕೂಡಲೇ ನಮ್ಮ ಕಣ್ಣಿಗೆ ಒಂದು ಮುಖ ಬರುತ್ತದೆ. 1961ರ ಕಿತ್ತೂರು ಚೆನ್ನಮ್ಮ ಸಿನಿಮಾ ನೋಡಿದ ಎಷ್ಟೋ ಹಿರಿಯರಿಗೆ ಅದು ಬಿ. ಸರೋಜಾದೇವಿಯವರ ಮುಖ. ಚಿತ್ರಕಾರರು, ಶಿಲ್ಪಿಗಳು, ಸಿನಿಮಾದವರು ಕೊಟ್ಟ ಮುಖವನ್ನೇ ನಾವು ಇತಿಹಾಸ ಅಂತ ನಂಬಿ ಕೈ ಮುಗಿಯುತ್ತೇವೆ. ಪಂಡಿತರಂಥವರ ಕೈಯಲ್ಲಿ ಎಷ್ಟು ದೊಡ್ಡ ಜವಾಬ್ದಾರಿ ಇತ್ತು ಅನ್ನೋದು ಇದರಿಂದ ತಿಳಿಯುತ್ತದೆ.

ಈಗ ಸ್ವಲ್ಪ ನಮ್ಮ ಪೈಕಿ ಮಾತು, ಅಂದರೆ ಎಂಜಿನಿಯರಿಂಗ್. ಪಂಡಿತರು ಗ್ವಾಶ್ ಎಂಬ ಮಾಧ್ಯಮದಲ್ಲಿ ನಿಸ್ಸೀಮರು. ಗ್ವಾಶ್ ಅಂದರೆ ನೀರಲ್ಲಿ ಕಲಸುವ, ಆದರೆ ಹಿಂದಿನದ್ದು ಕಾಣದಂತೆ ಮುಚ್ಚುವ ದಟ್ಟ ಬಣ್ಣ. ಬೇಗ ಒಣಗುತ್ತದೆ. ಒಣಗಿದ ಮೇಲೆ ಮೇಲ್ಮೈ ಮಿರುಗುವುದಿಲ್ಲ. ತೈಲಚಿತ್ರವಾದರೆ ಕ್ಯಾಮೆರಾ ಮುಂದೆ ಇಟ್ಟಾಗ ದೀಪ ಪ್ರತಿಫಲಿಸಿ ಕಿರಿಕಿರಿ ಮಾಡುತ್ತದೆ, ಗ್ವಾಶ್‌ನಲ್ಲಿ ಆ ತಾಪತ್ರಯ ಕಡಿಮೆ. ಕ್ಯಾಮೆರಾ ಯಾಕೆ ಬೇಕು ಅಂದರೆ, ಬಣ್ಣದ ಅಚ್ಚು ಶುರುವಾಗುವುದೇ ಅಲ್ಲಿಂದ. ಮೂಲ ಚಿತ್ರವನ್ನು ಕೆಂಪು, ಹಸಿರು, ನೀಲಿ ಫಿಲ್ಟರ್‌ಗಳ ಮೂಲಕ ಬೇರೆ ಬೇರೆಯಾಗಿ ಸೆರೆಹಿಡಿದು ಸಯಾನ್, ಮಜೆಂಟಾ, ಹಳದಿ ಬಣ್ಣಗಳ ಪ್ಲೇಟ್ ಮಾಡುತ್ತಾರೆ. ನೆರಳಿನ ಆಳಕ್ಕೆ ಕಪ್ಪು ನಾಲ್ಕನೆಯದು. ಪ್ರತಿ ಪ್ಲೇಟ್‌ನಲ್ಲೂ ಚಿತ್ರ ಸಣ್ಣ ಸಣ್ಣ ಚುಕ್ಕೆಗಳಾಗಿ ಒಡೆದಿರುತ್ತದೆ. ನಾಲ್ಕೂ ಒಂದರ ಮೇಲೊಂದು ಸರಿಯಾಗಿ ಕೂತರೆ ಕೃಷ್ಣನ ನೀಲಿ ಮೈ. ಕೂದಲೆಳೆಯಷ್ಟು ಜರುಗಿದರೆ ಕೃಷ್ಣನಿಗೆ ಎರಡು ತುಟಿ ಅಂಚು! ಮನೆಯ ಹಳೇ ಕ್ಯಾಲೆಂಡರನ್ನು ಭೂತಗನ್ನಡಿಯಲ್ಲಿ ನೋಡಿದರೆ ಈ ಚುಕ್ಕೆಗಳು ಈಗಲೂ ಕಾಣುತ್ತವೆ.

ಅಂದರೆ ಪಂಡಿತರಂಥವರು ಬರೆಯುತ್ತಿದ್ದುದು ನಕಲಿಗಾಗಿ. ಮೂಲ ಚಿತ್ರ ನೋಡುವವರು ಕೈಬೆರಳಲ್ಲಿ ಎಣಿಸುವಷ್ಟು ಜನ, ಅಚ್ಚಾದ ಪ್ರತಿ ನೋಡುವವರು ದೇಶದ ತುಂಬಾ. ಗ್ಯಾಲರಿಗೆ ಟಿಕೆಟ್ ತೆಗೆಸದ, ಚಿತ್ರ ಕೊಳ್ಳಲು ದುಡ್ಡಿಲ್ಲದ ರೈತನ ಮನೆಗೂ ಅವರ ಕೆಲಸ ಪುಕ್ಕಟೆಯಾಗಿ ತಲುಪಿತು, ಕಿರಾಣಿ ಅಂಗಡಿಯವರು ವರ್ಷದ ಮೊದಲಿಗೆ ಕೊಟ್ಟ ಕ್ಯಾಲೆಂಡರ್ ರೂಪದಲ್ಲಿ. ಡಿಸೆಂಬರ್ ಮುಗಿದ ಮೇಲೆ ತಾರೀಖಿನ ಭಾಗ ಕತ್ತರಿಸಿ, ದೇವರನ್ನಷ್ಟೇ ಕಟ್ಟು ಹಾಕಿಸಿ ಜಗಲಿ ಮೇಲೆ ಇಟ್ಟುಕೊಂಡ ಮನೆಗಳು ನಮ್ಮ ಊರುಗಳಲ್ಲಿ ಕಡಿಮೆಯೇನಿಲ್ಲ.

ಆದರೆ ಇದೇ ಅವರಿಗೆ ಮುಳುವೂ ಆಯಿತು. ಕಲಾಲೋಕದಲ್ಲಿ ಕ್ಯಾಲೆಂಡರ್ ಆರ್ಟ್ ಅನ್ನೋದು ಬೈಗುಳದ ಹಾಗೆ ಬಳಕೆಯಾಗುತ್ತಿತ್ತು. ಇಲ್ಲಿ ಒಂದು ಹೋಲಿಕೆ ನಮ್ಮನ್ನು ಕಾಡುತ್ತದೆ. ಎಂ.ಎಫ್. ಹುಸೇನ್ ಹುಟ್ಟಿದ್ದು 1915ರಲ್ಲಿ, ಪಂಡಿತರಿಗಿಂತ ಒಂದೇ ವರ್ಷ ಮೊದಲು. ಅದೇ ಮುಂಬೈಯಲ್ಲಿ ಅವರೂ ಸಿನಿಮಾ ಹೋರ್ಡಿಂಗ್ ಬರೆದು ಹೊಟ್ಟೆ ಹೊರೆದವರು. 1947ರಲ್ಲಿ ಪ್ರೋಗ್ರೆಸಿವ್ ಆರ್ಟಿಸ್ಟ್ಸ್ ಗ್ರೂಪ್ ಶುರುವಾದಾಗ ಹುಸೇನ್ ಅದರ ಜೊತೆ ಆಧುನಿಕ ಕಲೆಯ ಕಡೆ ಹೋದರು, ಗ್ಯಾಲರಿಗಳು ಅವರನ್ನು ಎತ್ತಿಕೊಂಡವು. ಪಂಡಿತರು ಸಿನಿಮಾ ಮತ್ತು ಪುರಾಣದ ದಾರಿಯಲ್ಲೇ ಉಳಿದರು, ಜನ ಅವರನ್ನು ಎತ್ತಿಕೊಂಡರು. ಹುಸೇನರ ಹೆಸರು ಎಲ್ಲರಿಗೂ ಗೊತ್ತು, ಚಿತ್ರ ನೋಡಿದವರು ಕಡಿಮೆ. ಪಂಡಿತರ ಚಿತ್ರ ಎಲ್ಲರೂ ನೋಡಿದ್ದಾರೆ, ಹೆಸರು ಗೊತ್ತಿದ್ದವರು ಕಡಿಮೆ. ಚಿತ್ರದ ಮೂಲೆಯಲ್ಲಿ ಅವರು ಸಹಿ ಮಾಡಿದ್ದರೂ ಅದಕ್ಕಿಂತ ದೊಡ್ಡ ಅಕ್ಷರದಲ್ಲಿ ಅಂಗಡಿಯ ಹೆಸರು ಇರುತ್ತಿತ್ತಲ್ಲ.

1960ರ ದಶಕದಲ್ಲಿ ಪಂಡಿತರು ಮುಂಬೈ ಬಿಟ್ಟು ಗುಲಬರ್ಗಾಕ್ಕೆ ವಾಪಸ್ ಬಂದರು. ಅಷ್ಟರಲ್ಲಿ ಊರು ಕನ್ನಡ ನಾಡಿಗೆ ಸೇರಿತ್ತು. ಅವರು ಪೌರಾಣಿಕ ಚಿತ್ರ, ಭಾವಚಿತ್ರ ಬರೆಯುತ್ತಾ ಅಲ್ಲೇ ನೆಲೆನಿಂತು 1993ರಲ್ಲಿ ತೀರಿಕೊಂಡರು. ಈಗ ಕಾಲ ಸ್ವಲ್ಪ ತಿರುಗಿದೆ. ಕ್ಯಾಲೆಂಡರ್ ಕಲೆಯ ಬಗ್ಗೆ ವಿಶ್ವವಿದ್ಯಾಲಯಗಳಲ್ಲಿ ಸಂಶೋಧನೆ ಆಗುತ್ತಿದೆ. ಕಜ್ರಿ ಜೈನ್ ಅವರ ಗಾಡ್ಸ್ ಇನ್ ದಿ ಬಜಾರ್ ಎಂಬ ದಪ್ಪ ಪುಸ್ತಕ 2007ರಲ್ಲೇ ಬಂದಿದೆ. ಸಂತೋಷ. ಆದರೆ ಕ್ಯಾಲೆಂಡರ್ ಕಾಗದಕ್ಕೆ ಆಯುಷ್ಯ ಕಡಿಮೆ. ವರ್ಷಾ ವರ್ಷಾ ರದ್ದಿಗೆ ಹೋದದ್ದು ವಾಪಸ್ ಬರುವುದಿಲ್ಲ.

ಯಾವ ಕೆಲಸ ದೊಡ್ಡದು, ಒಬ್ಬ ಶ್ರೀಮಂತನ ಹಾಲ್‌ನಲ್ಲಿ ನೂರು ವರ್ಷ ಉಳಿಯುವುದಾ, ಲಕ್ಷ ಮನೆಗಳಲ್ಲಿ ಒಂದು ವರ್ಷ ಇದ್ದು ಕಣ್ಣಲ್ಲಿ ಉಳಿಯುವುದಾ? ನಾಳೆ ಎಲ್ಲರೂ ಬಳಸುವ, ಮಾಡಿದವರ ಹೆಸರು ಯಾರಿಗೂ ಗೊತ್ತಿಲ್ಲದ ವಸ್ತುಗಳನ್ನೇ ಮಾಡಲಿರುವ ನಮಗೆ ಈ ಪ್ರಶ್ನೆ ಬರೀ ಕಲೆಯದ್ದಲ್ಲ. ನಮ್ಮ ಓಟು ಎರಡನೆಯದಕ್ಕೆ. ಈ ರಜೆಯಲ್ಲಿ ಊರಿಗೆ ಹೋದಾಗ ಅಟ್ಟದ ಮೇಲಿನ ಹಳೇ ಕಟ್ಟುಗಳನ್ನು ಇಳಿಸಿ, ಧೂಳು ಒರೆಸಿ, ಚಿತ್ರದ ಮೂಲೆಯನ್ನು ಒಮ್ಮೆ ನೋಡಿ. ಅಲ್ಲಿ ಪಂಡಿತರ ಸಹಿ ಇದ್ದರೆ ರದ್ದಿಯವನಿಗೆ ಮಾತ್ರ ಕೊಡಬೇಡಿ.