ತಾಯಿಮರ ಗೊತ್ತಿರಬೇಕು: ಡಾ. ಎಂ. ಎಚ್. ಮರೀಗೌಡ

ಹತ್ತನೆಯ ತರಗತಿಯಲ್ಲಿ ಕಾಯಜ ಸಂತಾನೋತ್ಪತ್ತಿ ಕಲಿಸುವಾಗ ನಾವು ಗುಲಾಬಿಯ ಕಾಂಡ ತೋರಿಸಿ ಮುಂದೆ ಹೋಗುತ್ತೇವೆ. ಕಿತ್ತೂರು ಕಡೆಯ ಮಕ್ಕಳಿಗೆ ಅದಕ್ಕಿಂತ ಹತ್ತಿರದ ಉದಾಹರಣೆ ಆಪೂಸ್ ಮಾವಿನ ಕಸಿ. ಆ ಪಾಠದ ಜೊತೆಗೆ ಹೇಳಬೇಕಾದ ಜೀವನ ಡಾ. ಎಂ. ಎಚ್. ಮರೀಗೌಡರದು.

ಮೈಸೂರು ಜಿಲ್ಲೆಯ ತಿ. ನರಸೀಪುರ ತಾಲ್ಲೂಕಿನಲ್ಲಿ 1916ರ ಆಗಸ್ಟ್ 8ರಂದು ಹುಟ್ಟಿದ ಮರೀಗೌಡರು ಸಸ್ಯಶಾಸ್ತ್ರ ಓದಿ ತೋಟಗಾರಿಕೆಯ ಕೆಲಸಕ್ಕೆ ಸೇರಿದರು. ಇಂಗ್ಲೆಂಡಿನ ಕ್ಯೂ ಸಸ್ಯೋದ್ಯಾನದಲ್ಲಿ ತರಬೇತಿ, ಅಮೆರಿಕದ ಹಾರ್ವರ್ಡ್‌ನಲ್ಲಿ ಡಾಕ್ಟರೇಟ್ ಪಡೆದು ಬಂದು 1951ರಲ್ಲಿ ಲಾಲ್‌ಬಾಗಿನ ಹೊಣೆ ಹೊತ್ತರು. 1963ರಲ್ಲಿ ತೋಟಗಾರಿಕೆ ಪ್ರತ್ಯೇಕ ಇಲಾಖೆಯಾದಾಗ ಅದರ ನಿರ್ದೇಶಕರಾದರು, 1974ರವರೆಗೆ ನಡೆಸಿದರು.

ಅವರು ಮಾಡಿದ್ದೇನು ಎಂದು ತಿಳಿಯಲು ಮಾವಿನ ಗೊರಟೆಯಿಂದ ಶುರು ಮಾಡಬೇಕು. ಪ್ಲಮ್, ಪೀಚ್‌ಗಳಂತೆ ಮಾವೂ ಒಳಗೆ ಗಟ್ಟಿ ಗೊರಟೆ ಇರುವ ಹಣ್ಣು. ಆಪೂಸಿನ ಗೊರಟೆಯಲ್ಲಿರುವ ಒಂದೇ ಭ್ರೂಣ ಪರಾಗಸ್ಪರ್ಶದಿಂದ ಹುಟ್ಟಿದ್ದು. ಪರಾಗ ಯಾವ ಮರದ್ದೋ! ಬಿತ್ತಿದರೆ ಮರವೇನೋ ಬರುತ್ತದೆ, ಆಪೂಸ್ ಬರುವ ಭರವಸೆ ಇಲ್ಲ. ಆದ್ದರಿಂದ ಜವಾರಿ ಸಸಿಯ ಮೇಲೆ ಆಪೂಸಿನ ಕಡ್ಡಿ ಕೂಡಿಸುತ್ತಾರೆ. ಆದರೆ ಕೊಂಡ ಸಸಿಯ ಎಲೆ ನೋಡಿ ರೈತ ತಳಿ ಹೇಳಬಲ್ಲನೇ? ನಾಲ್ಕೈದು ವರ್ಷ ನೀರು ಹೊತ್ತು ಹಾಕಿದ ಮೇಲೆ ಹುಳಿ ಹಣ್ಣು ಬಿಟ್ಟರೆ ಹಣವಾದರೂ ಮರಳಿ ಬಂದೀತು, ಆ ವರ್ಷಗಳು ಬರುವುದಿಲ್ಲ.

ಮರೀಗೌಡರು ಕೈ ಹಾಕಿದ್ದು ಇಲ್ಲಿಗೇ. ಜಿಲ್ಲೆ ಜಿಲ್ಲೆಗಳಲ್ಲಿ ಸರ್ಕಾರಿ ತೋಟಗಾರಿಕೆ ಕ್ಷೇತ್ರಗಳನ್ನು ತೆರೆಸಿ, ಗುಣ ಗೊತ್ತಿರುವ ತಾಯಿಮರಗಳನ್ನು ಅಲ್ಲಿ ಬೆಳೆಸಿ, ಅವುಗಳ ಕಡ್ಡಿಯಿಂದ ಕಸಿ ಕಟ್ಟಿಸಿ ರೈತರಿಗೆ ಕೊಡಿಸಿದರು. ಮಳೆ ನಂಬಿದ ಹೊಲದಲ್ಲೂ ಹಣ್ಣಿನ ಮರ ಬೆಳೆಯಬಹುದೆಂದು ಪಟ್ಟು ಹಿಡಿದರು. ಸವದತ್ತಿ, ರಾಮದುರ್ಗದಂಥ ಒಣ ಸೀಮೆಯವರಿಗೆ ಇದು ಸಣ್ಣ ಮಾತಲ್ಲ. ಮಾರಾಟವನ್ನೂ ಮರೆಯಲಿಲ್ಲ: 1959ರಲ್ಲಿ ಬೆಂಗಳೂರಿನಲ್ಲಿ ಅವರ ಮುಂದಾಳತನದಲ್ಲಿ ಹುಟ್ಟಿದ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವೇ ಮುಂದೆ ಹಾಪ್‌ಕಾಮ್ಸ್ ಆಯಿತು.

ಜನ ಅವರನ್ನು ನೆನೆಯುವುದು ಹೊಸ ತಳಿಗಾಗಿ ಅಲ್ಲ. ತಳಿ ಕೂಡಿಸುವ ಕೆಲಸ ನಡೆದದ್ದು 1967ರಲ್ಲಿ ಆರಂಭವಾದ, ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯಲ್ಲಿ. ಆಪೂಸಿಗೆ ಒಂದು ಕೆಟ್ಟ ಗುಣವಿದೆ: ಹೊರಗೆ ಚಂದ ಕಂಡ ಹಣ್ಣು ಕೊಯ್ದರೆ ಒಳಗೆ ತಿರುಳು ಬಿಳಚಿ, ಹುಳಿಯಾಗಿ, ಸ್ಪಂಜಿನಂತಿರುತ್ತದೆ. ಆಪೂಸ್ ಮತ್ತು ಬಂಗನಪಲ್ಲಿಯನ್ನು ಕೂಡಿಸಿ ಅಲ್ಲಿ ಪಡೆದ ಅರ್ಕಾ ಪುನೀತ್, ಅರ್ಕಾ ಅರುಣಾ ತಳಿಗಳಲ್ಲಿ ಆ ದೋಷವಿಲ್ಲ. ಅವುಗಳ ಗೊರಟೆ ಬಿತ್ತಿದರೂ ಮತ್ತೆ ಅದೇ ಕಥೆ; ಅವು ಬೈಲಹೊಂಗಲದ ಹೊಲಕ್ಕೆ ಬರಬೇಕಾದರೂ ತಾಯಿಮರದ ಕಡ್ಡಿಯೇ ಬೇಕು.