ಒಕ್ಕೂಟವನ್ನು ಉಳಿಸಿದ ಅಬ್ರಹಾಂ ಲಿಂಕನ್

ಗುಲಾಮರ ಬಿಡುಗಡೆಯ ಕಥೆಯಲ್ಲಿ ಅಬ್ರಹಾಂ ಲಿಂಕನ್ನರ ಹೆಸರನ್ನು ಕೇಳದ ವಿದ್ಯಾರ್ಥಿಗಳು ವಿರಳ. ಆದರೆ ಅವರು ಅಮೆರಿಕದ ಅಧ್ಯಕ್ಷರಾದ ದಿನ ಅವರೆದುರು ನಿಂತಿದ್ದ ಮೊದಲ ಪ್ರಶ್ನೆ ಬೇರೆಯೇ ಆಗಿತ್ತು. ಒಕ್ಕೂಟಕ್ಕೆ ಸೇರಿದ ಒಂದು ರಾಜ್ಯ ತನಗೆ ಬೇಡವೆನಿಸಿದಾಗ ಹೊರಟುಹೋಗಬಹುದೇ? ಹೊರಟರೆ ಅದನ್ನು ಸೈನ್ಯಬಲದಿಂದ ತಡೆಯುವ ಅಧಿಕಾರ ಕೇಂದ್ರ ಸರಕಾರಕ್ಕೆ ಉಂಟೇ? ಇದಕ್ಕೆ ಉತ್ತರ ಹುಡುಕುವುದರಲ್ಲಿ ಆ ಮಹಾನುಭಾವರು ಪಟ್ಟ ಪಾಡನ್ನು ನಾವಿಲ್ಲಿ ನೆನೆಯೋಣ.

ಲಿಂಕನ್ನರು 1809ರ ಫೆಬ್ರವರಿ 12ರಂದು ಕೆಂಟಕಿ ರಾಜ್ಯದಲ್ಲಿ, ಮರದ ದಿಮ್ಮಿಗಳಿಂದ ಕಟ್ಟಿದ ಗುಡಿಸಲೊಂದರಲ್ಲಿ ಜನಿಸಿದರು. ತಂದೆ ಥಾಮಸ್ ಬೇಸಾಯಗಾರರು, ಬಡಗಿ ಕೆಲಸವನ್ನೂ ಬಲ್ಲವರು. ಬಾಲಕನಿಗೆ ಒಂಬತ್ತು ವರ್ಷವಾಗಿದ್ದಾಗ ತಾಯಿ ನ್ಯಾನ್ಸಿ ತೀರಿಕೊಂಡರು. ಮರುವರ್ಷ ಮನೆಗೆ ಬಂದ ಮಲತಾಯಿ ಸಾರಾ ಅವನನ್ನು ಹೆತ್ತ ಮಗನಂತೆಯೇ ಸಾಕಿದರು. ಅವನ ಓದಿನ ಆಸೆಗೆ ನೀರೆರೆದರು. ಶಾಲೆಗೆ ಹೋದ ದಿನಗಳನ್ನೆಲ್ಲ ಕೂಡಿಸಿದರೂ ಒಂದು ವರ್ಷ ತುಂಬದು. ಕೊಡಲಿ ಹಿಡಿದು ಮರ ಕಡಿಯುವುದು, ಬಿಡುವಾದಾಗ ಎರವಲು ತಂದ ಪುಸ್ತಕ ಓದುವುದು, ಹೀಗೆ ಬಾಲ್ಯ ಕಳೆಯಿತು.

1830ರಲ್ಲಿ ಸಂಸಾರ ಇಲಿನಾಯ್ ರಾಜ್ಯಕ್ಕೆ ಬಂತು. ಅಲ್ಲಿ ಲಿಂಕನ್ನರು ಪಾಲುಗಾರಿಕೆಯಲ್ಲಿ ಇಟ್ಟ ಅಂಗಡಿ ಮುಳುಗಿತು. ಅದರ ಸಾಲವನ್ನು ವರ್ಷಗಟ್ಟಲೆ ದುಡಿದು ತೀರಿಸಿದರು. ಅಂಚೆಯ ಕೆಲಸ, ಭೂಮಾಪನದ ಕೆಲಸ ಮಾಡಿದರು. 1834ರಲ್ಲಿ ರಾಜ್ಯದ ಶಾಸನಸಭೆಗೆ ಆರಿಸಿ ಬಂದರು. ಗುರುವಿಲ್ಲದೆ ಕಾನೂನು ಓದಿ 1836ರಲ್ಲಿ ವಕೀಲಿ ಸನ್ನದು ಪಡೆದರು.

ಆ ಕಾಲದಲ್ಲಿ ದಕ್ಷಿಣದ ರಾಜ್ಯಗಳ ಹತ್ತಿಯ ಬೆಳೆ ಗುಲಾಮರ ದುಡಿಮೆಯಿಂದ ನಡೆಯುತ್ತಿತ್ತು. 1860ರಲ್ಲಿ ಅಲ್ಲಿನ ಗುಲಾಮರ ಸಂಖ್ಯೆ ಸುಮಾರು 40 ಲಕ್ಷ. ಹೊಸ ಪ್ರದೇಶಗಳಿಗೆ ಈ ಪದ್ಧತಿ ಹಬ್ಬಲು ದಾರಿಮಾಡಿಕೊಟ್ಟ 1854ರ ಕಾನೂನನ್ನು ಲಿಂಕನ್ನರು ಬಲವಾಗಿ ವಿರೋಧಿಸಿದರು. 1858ರಲ್ಲಿ ಸ್ಟೀಫನ್ ಡಗ್ಲಾಸರೊಡನೆ ಏಳು ಬಹಿರಂಗ ಚರ್ಚೆಗಳನ್ನು ನಡೆಸಿದರು. ಸೆನೆಟ್ ಸ್ಥಾನ ದೊರೆಯಲಿಲ್ಲ. ಆದರೆ ಹೆಸರು ದೇಶದಲ್ಲೆಲ್ಲ ಹರಡಿತು. 1860ರ ನವೆಂಬರಿನಲ್ಲಿ ಅವರು ಅಧ್ಯಕ್ಷರಾಗಿ ಆಯ್ಕೆಯಾದರು.

ಅವರು ಅಧಿಕಾರ ವಹಿಸಿಕೊಳ್ಳುವ ಮೊದಲೇ ಮನೆ ಒಡೆಯತೊಡಗಿತು. 1860ರ ಡಿಸೆಂಬರ್ 20ರಂದು ದಕ್ಷಿಣ ಕೆರೊಲಿನಾ ರಾಜ್ಯವು ತಾನು ಒಕ್ಕೂಟದಿಂದ ಹೊರಬಂದಿರುವುದಾಗಿ ಸಾರಿತು. ಇನ್ನೂ ಆರು ರಾಜ್ಯಗಳು ಹಿಂಬಾಲಿಸಿದವು. ಅವುಗಳ ಮುಖಂಡರ ವಾದ ಇದು: ರಾಜ್ಯಗಳು ತಮ್ಮ ಇಚ್ಛೆಯಿಂದ ಸಂವಿಧಾನಕ್ಕೆ ಒಪ್ಪಿಗೆ ಕೊಟ್ಟವು, ಆ ಒಪ್ಪಿಗೆಯನ್ನು ಹಿಂತೆಗೆದುಕೊಳ್ಳುವ ಹಕ್ಕೂ ಅವಕ್ಕಿದೆ. ಆಗಿನ್ನೂ ಅಧ್ಯಕ್ಷರಾಗಿದ್ದ ಬ್ಯೂಕ್ಯಾನನ್ನರು ಇಕ್ಕಟ್ಟಿನಲ್ಲಿ ಸಿಲುಕಿದರು. ರಾಜ್ಯಗಳಿಗೆ ಹೊರಡುವ ಹಕ್ಕಿಲ್ಲ, ಆದರೆ ಬಲಪ್ರಯೋಗದಿಂದ ಉಳಿಸಿಕೊಳ್ಳುವ ಅಧಿಕಾರ ತಮಗೂ ಇಲ್ಲ ಎಂದು ಹೇಳಿ ಸುಮ್ಮನಾದರು.

1861ರ ಮಾರ್ಚ್ 4ರಂದು ಪ್ರಮಾಣವಚನ ಸ್ವೀಕರಿಸಿದ ಲಿಂಕನ್ನರು ವಕೀಲರಂತೆ ತರ್ಕಿಸಿದರು. ಒಕ್ಕೂಟವು ಸಂವಿಧಾನಕ್ಕಿಂತಲೂ ಹಳೆಯದು. ಸಂವಿಧಾನ ಬಂದದ್ದು ಅದನ್ನು ಇನ್ನಷ್ಟು ಗಟ್ಟಿಮಾಡಲು. ಅದು ಬರಿಯ ಕರಾರು ಎಂದುಕೊಂಡರೂ ಹಲವರು ಕೂಡಿ ಮಾಡಿದ ಕರಾರನ್ನು ಒಬ್ಬನೇ ರದ್ದುಮಾಡುವಂತಿಲ್ಲ. ಕಾನೂನು ಎಲ್ಲ ರಾಜ್ಯಗಳಲ್ಲೂ ನಡೆಯುವಂತೆ ನೋಡಿಕೊಳ್ಳುವುದು ಅಧ್ಯಕ್ಷನ ಕರ್ತವ್ಯ. ಆದರೂ ತಾವಾಗಿ ಯುದ್ಧ ಆರಂಭಿಸುವುದಿಲ್ಲವೆಂದು ಅವರು ಮಾತುಕೊಟ್ಟರು.

ಏಪ್ರಿಲ್ 12ರಂದು ಸಮ್ಟರ್ ಕೋಟೆಯಲ್ಲಿದ್ದ ಕೇಂದ್ರದ ಪಡೆಯ ಮೇಲೆ ದಕ್ಷಿಣದವರು ಫಿರಂಗಿ ಹಾರಿಸಿದರು. ಮೂರು ದಿನಗಳ ಬಳಿಕ ಲಿಂಕನ್ನರು 75,000 ಮಂದಿಯ ಪಡೆಗೆ ಕರೆಕೊಟ್ಟರು. ಅದಕ್ಕೆ ಆಧಾರವಾದದ್ದು 1795ರ ಒಂದು ಕಾನೂನು. ನ್ಯಾಯಾಲಯಗಳ ಕೈಮೀರಿದ ದಂಗೆಯೆದ್ದಾಗ ರಾಜ್ಯಗಳ ನಾಗರಿಕ ಪಡೆಗಳನ್ನು ಅಧ್ಯಕ್ಷನು ಕರೆಯಬಹುದೆಂದು ಅದರಲ್ಲಿತ್ತು. ಸೈನ್ಯವನ್ನು ಕಳುಹಿಸುವುದು ಪರದೇಶದ ಮೇಲಲ್ಲ, ಕಾನೂನು ಮುರಿದ ಸ್ವದೇಶದ ಜನರ ಮೇಲೆ ಎಂಬುದು ಅವರ ನಿಲುವು. ಆದರೆ ಈ ಕರೆಯಿಂದ ಕೆರಳಿ ಇನ್ನೂ ನಾಲ್ಕು ರಾಜ್ಯಗಳು ಹೊರನಡೆದವು. ಒಟ್ಟು ಹನ್ನೊಂದಾದವು.

ಲಿಂಕನ್ನರ ಎಲ್ಲ ಕಾರ್ಯಗಳನ್ನೂ ನಾವು ಕಣ್ಣು ಮುಚ್ಚಿ ಹೊಗಳಬೇಕಾಗಿಲ್ಲ. ಬಂಧಿತನನ್ನು ನ್ಯಾಯಾಧೀಶರ ಮುಂದೆ ತರಬೇಕೆಂಬ ಹೇಬಿಯಸ್ ಕಾರ್ಪಸ್ ಹಕ್ಕನ್ನು ಅವರು ಕೆಲವು ಕಡೆ ಅಮಾನತಿನಲ್ಲಿಟ್ಟರು. ಆ ಅಧಿಕಾರ ಶಾಸಕಾಂಗದ್ದು, ಅಧ್ಯಕ್ಷರದಲ್ಲ ಎಂದು ಮುಖ್ಯ ನ್ಯಾಯಾಧೀಶ ಟೇನಿಯವರು ತೀರ್ಪಿತ್ತರು. ಒಂದು ಕಾನೂನಿಗಾಗಿ ಉಳಿದ ಕಾನೂನುಗಳೆಲ್ಲ ಕುಸಿಯಲು ಬಿಡಬೇಕೇ ಎಂದು ಲಿಂಕನ್ನರು ಕೇಳಿದರು. 1863ರಲ್ಲಿ ಶಾಸಕಾಂಗವೇ ಅವರಿಗೆ ಆ ಅಧಿಕಾರ ಕೊಟ್ಟಿತು. ಆದರೆ ಅವರ ಮರಣಾನಂತರ, 1866ರಲ್ಲಿ, ನಾಗರಿಕ ನ್ಯಾಯಾಲಯಗಳು ತೆರೆದಿರುವಲ್ಲಿ ನಾಗರಿಕರನ್ನು ಸೈನಿಕ ನ್ಯಾಯಮಂಡಲಿ ವಿಚಾರಿಸಕೂಡದೆಂದು ಸರ್ವೋಚ್ಚ ನ್ಯಾಯಾಲಯ ಸಾರಿತು.

ಯುದ್ಧ ನಾಲ್ಕು ವರ್ಷ ನಡೆಯಿತು. ಆರು ಲಕ್ಷಕ್ಕೂ ಹೆಚ್ಚು ಯೋಧರು ಮಡಿದರು. 1862ರಲ್ಲಿ ಅಧ್ಯಕ್ಷರ ಹನ್ನೊಂದು ವರ್ಷದ ಮಗ ವಿಲ್ಲಿ ಜ್ವರದಿಂದ ತೀರಿಕೊಂಡ. ಆ ದುಃಖವನ್ನು ನುಂಗಿಕೊಂಡೇ ಅವರು ರಾಜ್ಯಭಾರ ನಡೆಸಿದರು. 1863ರ ಜನವರಿ 1ರಂದು, ದಂಗೆಯೆದ್ದ ಪ್ರದೇಶಗಳ ಗುಲಾಮರು ಸ್ವತಂತ್ರರೆಂದು ಸೇನಾಧಿಪತಿಯ ಅಧಿಕಾರದಿಂದ ಘೋಷಿಸಿದರು. ಯುದ್ಧಕಾಲದ ಆಜ್ಞೆ ಯುದ್ಧದೊಡನೆ ಮುಗಿದೀತೆಂದು ತಿಳಿದು, ಸಂವಿಧಾನದ ಹದಿಮೂರನೆಯ ತಿದ್ದುಪಡಿಗಾಗಿ ಹಗಲಿರುಳು ಶ್ರಮಿಸಿದರು.

1864ರಲ್ಲಿ ಚುನಾವಣೆ ಬಂತು. ಯುದ್ಧದ ನೆಪದಿಂದ ಅದನ್ನು ಮುಂದೂಡಲು ಅವರು ಒಪ್ಪಲಿಲ್ಲ. ತಾವು ಸೋಲುವುದೇ ಖಚಿತವೆಂದು ಆಗಸ್ಟಿನಲ್ಲಿ ಅವರಿಗೆ ತೋರಿತು. ಗೆದ್ದವರೊಡನೆ ಸಹಕರಿಸಿ, ಅವರು ಅಧಿಕಾರಕ್ಕೆ ಬರುವುದರೊಳಗೆ ಒಕ್ಕೂಟವನ್ನು ಉಳಿಸಲು ಯತ್ನಿಸುವುದಾಗಿ ಒಂದು ಹಾಳೆಯಲ್ಲಿ ಬರೆದು, ಮಡಿಸಿ, ಓದಗೊಡದೆಯೇ ಮಂತ್ರಿಗಳಿಂದ ಸಹಿ ಮಾಡಿಸಿದರು. ಅಷ್ಟು ದೊಡ್ಡ ಸೈನ್ಯ ಕೈಯಲ್ಲಿದ್ದ ಮನುಷ್ಯ ಜನರ ಮತಕ್ಕೆ ತಲೆಬಾಗಲು ಸಿದ್ಧನಾಗಿದ್ದ! ಅವರ ಜೀವನದಲ್ಲಿ ನಮಗೆ ಅತ್ಯಂತ ಹಿರಿದಾಗಿ ಕಾಣುವುದು ಈ ಘಟನೆಯೇ. ಕೊನೆಗೆ ಜನ ಅವರನ್ನೇ ಆರಿಸಿದರು.

1865ರ ಏಪ್ರಿಲ್ 9ರಂದು ದಕ್ಷಿಣದ ಸೇನಾನಿ ಲೀ ಶರಣಾದರು. ಸೋತ ಸೈನಿಕರನ್ನು ಸೆರೆಗೆ ತಳ್ಳದೆ ಮನೆಗೆ ಕಳುಹಿಸಲಾಯಿತು. ಐದು ದಿನಗಳ ಬಳಿಕ ನಾಟಕಶಾಲೆಯಲ್ಲಿ ಬೂತ್ ಎಂಬ ನಟನ ಗುಂಡಿಗೆ ತುತ್ತಾದ ಲಿಂಕನ್ನರು ಮರುದಿನ ಬೆಳಗ್ಗೆ ಕಣ್ಣುಮುಚ್ಚಿದರು. ಆಗ ಅವರಿಗೆ 56 ವರ್ಷ. ಅದೇ ವರ್ಷದ ಡಿಸೆಂಬರಿನಲ್ಲಿ ಹದಿಮೂರನೆಯ ತಿದ್ದುಪಡಿ ಜಾರಿಗೆ ಬಂದು ಗುಲಾಮಗಿರಿ ಅಳಿಯಿತು. ಒಕ್ಕೂಟ ಒಡೆಯಲಾಗದ್ದು, ರಾಜ್ಯವೊಂದು ತಾನಾಗಿ ಹೊರಹೋಗುವಂತಿಲ್ಲ ಎಂದು ಸರ್ವೋಚ್ಚ ನ್ಯಾಯಾಲಯ 1869ರಲ್ಲಿ ತೀರ್ಪಿತ್ತಿತು.

1948ರಲ್ಲಿ ನಮ್ಮ ಸಂವಿಧಾನ ಸಭೆಯಲ್ಲಿ ಡಾ. ಅಂಬೇಡ್ಕರರು ಈ ಇತಿಹಾಸವನ್ನು ನೆನಪಿಸಿದರು. ಅಮೆರಿಕದವರು ಅಂತರ್ಯುದ್ಧದಿಂದ ಸ್ಥಾಪಿಸಬೇಕಾಗಿ ಬಂದುದನ್ನು ನಾವು ಮೊದಲೇ ಸ್ಪಷ್ಟಪಡಿಸುವುದು ಲೇಸೆಂದು ಅವರು ವಿವರಿಸಿದರು. ಅದರಂತೆ ಭಾರತವು ರಾಜ್ಯಗಳ ಒಕ್ಕೂಟವೆಂಬ ಮಾತು ಸಂವಿಧಾನದ ಮೊದಲನೆಯ ಅನುಚ್ಛೇದದಲ್ಲಿಯೇ ನಿಂತಿದೆ. ಆ ಒಂದು ಸಾಲನ್ನು ನಾವು ಓದುವಾಗ ಅದರ ಹಿಂದೆ ದೂರದ ನಾಡಿನ ಲಕ್ಷಾಂತರ ಮಂದಿಯ ಬಲಿದಾನದ ಪಾಠವಿದೆಯೆಂಬುದನ್ನು ಮರೆಯದಿರೋಣ.